ಮಲಗಿದವರಿಗೆ ಕಾಣುವ ದಾರಿ

ಜನವರಿ 11

ಅತ್ತಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿಮಗೆ ತಿಳಿದಿರುತ್ತದೆ. ತಿಳಿದೂ ಒಡೆದಿದ್ದೀರಿ ಅಂದರೆ ನನ್ನ ಅರ್ಧ ಕೆಲಸ ಆಯಿತು. ಆರು ವರ್ಷದ ಮೇಲೆ ಕುಶಲ ಕೇಳುವುದು ನನ್ನ ಬಾಯಿಗೆ ಒಪ್ಪುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಆಸ್ಪತ್ರೆಯ ಮಕ್ಕಳ ವಾರ್ಡಿನ ಕೋಣೆಗಳನ್ನು ಹೊಸದು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೌದು, ಅದೇ ಆಸ್ಪತ್ರೆ. ಮೂರನೆಯ ಮಹಡಿ. ಬೇಡ ಅನ್ನಲು ಫೋನ್ ಎತ್ತಿದವಳು ಆಗಲಿ ಅಂದುಬಿಟ್ಟೆ. ಯಾಕೆ ಅಂದೆ ಅಂತ ನನಗೇ ಇನ್ನೂ ಗೊತ್ತಾಗಿಲ್ಲ.

ವಾರ್ಡನ್ನು ಮುಚ್ಚುವಂತಿಲ್ಲ. ಒಂದು ಕೋಣೆ ಖಾಲಿ ಮಾಡಿಸಬೇಕು, ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪರದೆ ಬಿಗಿದು ದೂಳು ಆಚೆ ದಾಟದ ಹಾಗೆ ಒಳಗಿನ ಗಾಳಿಯನ್ನು ಕಿಟಕಿಯಿಂದ ಹೊರಗೆ ಎಳೆಯಬೇಕು, ಕೆಲಸ ಮುಗಿಸಿ, ತೊಳೆದು, ಮಕ್ಕಳನ್ನು ಒಳಗೆ ಬಿಟ್ಟು, ಪಕ್ಕದ ಕೋಣೆಗೆ ಹೋಗಬೇಕು. ಗೋಡೆಯ ಆಚೆ ಮಗು ಮಲಗಿದ್ದರೆ ಈಚೆ ಸುತ್ತಿಗೆ ಎತ್ತುವಂತಿಲ್ಲ. ನಮ್ಮ ಬಡಗಿಗೆ ಎಲ್ಲರೂ ಗೊಣಗಪ್ಪ ಅನ್ನುತ್ತಾರೆ. "ಇದು ಕೆಲಸ ಅಲ್ಲ ಮೇಡಂ, ಕಳ್ಳತನ. ಬಂದಿದ್ದೂ ಗೊತ್ತಾಗ್ಬಾರ್ದು, ಹೋಗಿದ್ದೂ ಗೊತ್ತಾಗ್ಬಾರ್ದು" ಅನ್ನುತ್ತಾನೆ.

ಮೊದಲು ಹಿಡಿದದ್ದು ಕೊನೆಯ ಕೋಣೆ. ಖಾಲಿಯಾದ ಮೇಲೆ ನಾನು ನಾಲ್ಕು ಹಾಸಿಗೆಗಳ ಮೇಲೂ ಒಂದೊಂದು ಗಳಿಗೆ ಮಲಗಿ ನೋಡಿದೆ. ಗೋಡೆಯ ಮೇಲೆ ಆನೆ, ಮೊಲ ಬರೆಸುವುದೆಲ್ಲ ನಿಂತು ನೋಡುವವರ ಖುಷಿಗೆ. ಮಲಗಿದವರಿಗೆ ಕಾಣುವುದು ಸೀಲಿಂಗ್ ಒಂದೇ. ಆದ್ದರಿಂದ ಸೀಲಿಂಗಿಗೇ ಒಂದು ಚಿತ್ರ ಬೇಕು ಅನ್ನಿಸಿತು. ವಾರ್ಡಿನಲ್ಲಿ ಬಣ್ಣದ ವಾಸನೆ ಸುಳಿಯಕೂಡದು. ಸೀಲಿಂಗಿನ ಚೌಕಟ್ಟಿನಲ್ಲಿ ಕೂರಿಸುವ ಟೈಲುಗಳನ್ನು ಬೇರೆ ಊರಲ್ಲಿ ಬರೆಸಿ, ಒಣಗಿಸಿ, ಒರೆಸಿದರೂ ಹೋಗದ ಹಾಗೆ ಮೇಲೆ ಮೆರುಗೆಣ್ಣೆ ಕೊಡಿಸಿ ತರಬೇಕು. ಇಂಥ ಕೆಲಸಕ್ಕೆ ನನಗೆ ಗೊತ್ತಿರುವುದು ಒಂದೇ ಕೈ.

ನಕ್ಷೆ ಇದರೊಳಗೆ ಇದೆ. ಅಣ್ಣನಿಗೆ ಹೇಳಿಲ್ಲ. ಅವನು ಏನನ್ನೂ ಕೇಳುವುದಿಲ್ಲ, ಅದು ನಿಮಗೆ ಗೊತ್ತಿರುವುದೇ.

ಉತ್ತರ ಬರದಿದ್ದರೂ ದೂರು ಹೇಳದ,
ಗಿಣಿ


ಫೆಬ್ರವರಿ 2

ಗಿಣಿ,

ಟೈಲುಗಳನ್ನು ಕಳಿಸು. ಸ್ಕೂಲಿನ ಚಿತ್ರದ ಕೋಣೆಯ ನೆಲ ದೊಡ್ಡದಿದೆ. ಸಂಜೆ ಮಕ್ಕಳು ಹೋದ ಮೇಲೆ ನಕ್ಷೆಯಲ್ಲಿರುವ ಹಾಗೇ ಹಾಸಿಕೊಂಡು ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಎತ್ತುವುದಿಲ್ಲ. ಮಗಳು ಹೋದ ಮೇಲೆ ನಾನು ತವರಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ನೀನು ಅವಳ ಕೋಣೆಗೆ ಹೊಸ ಬಣ್ಣ ಬಳಿಸಿದ್ದೆ. ಮಂಚ ಪಾಲಿಶ್ ಆಗಿತ್ತು. ಪರದೆ ಹೊಸದು. ಬಂದವರೆಲ್ಲ ಹೊಗಳಿದರು. ನಿನ್ನ ಕೆಲಸಕ್ಕೆ ಯಾರೂ ಹೆಸರಿಡುವಂತಿಲ್ಲ. ನೀನು ಬಂದ ಕಷ್ಟಕ್ಕೆಲ್ಲ ಗೋಡೆ ಕೆರೆದು ಪಟ್ಟಿ ಹಾಕುವವಳು. ನಿನಗೆ ವಾಸಿ ಮಾಡಲು ಬರುವುದು ಕೋಣೆಗಳನ್ನು ಮಾತ್ರ.

ಏನು ಬರೆಯುತ್ತೇನೆ ಅಂತ ಕೇಳಕೂಡದು. ಬರೆದದ್ದರ ಮೇಲೆ ಯಾರೂ ಕುಂಚ ಇಡಕೂಡದು. ಈ ಎರಡಕ್ಕೆ ಒಪ್ಪಿದರೆ ಸಾಕು, ಕಾಗದ ಬರೆಯುವ ಅಗತ್ಯವಿಲ್ಲ. ಟೈಲುಗಳೇ ಬರಲಿ.

ಚಿತ್ರದ ಟೀಚರ್


ಏಪ್ರಿಲ್ 3

ಅತ್ತಿಗೆ,

ಪೆಟ್ಟಿಗೆಗಳೆಲ್ಲ ಒಂದೂ ಮುಕ್ಕಾಗದೆ ಬಂದವು. ಪ್ರತಿ ಟೈಲಿನ ನಡುವೆ ಹಳೇ ಸೀರೆಯ ತುಂಡು ಇಟ್ಟಿದ್ದಿರಿ. ಅವನ್ನು ಎಸೆಯಲು ಮನಸ್ಸು ಬರದೆ ಮಡಚಿ ಇಟ್ಟಿದ್ದೇನೆ.

ಕೂರಿಸುವಾಗ ಸ್ವಲ್ಪ ಗೊಂದಲವಾಯಿತು. ಹಿಂಬದಿಯ ನಂಬರಿನ ಪ್ರಕಾರ ಇಟ್ಟರೆ ಚಿತ್ರ ಕೂಡುತ್ತಿರಲಿಲ್ಲ. ಗೊಣಗಪ್ಪ "ನಂಬರ್ ಹಾಳಾಗ್ಲಿ, ಹುಲ್ಲು ಹುಲ್ಲಿಗೆ ಸೇರ್ಬೇಕು ತಾನೆ" ಅಂದು ಚಿತ್ರ ನೋಡಿಯೇ ಜೋಡಿಸಿದ. ಮುಗಿದ ಮೇಲೆ ಅವನೇ ಗೊಣಗುವುದನ್ನು ಮರೆತು ಮೇಲೆ ನೋಡುತ್ತ ನಿಂತಿದ್ದ. ಅಷ್ಟು ದೊಡ್ಡ ಬಯಲು, ಅದರ ನಡುವೆ ಬಾಗಿಲಿನಿಂದ ಕಿಟಕಿಯವರೆಗೆ ನೇರವಾದ ಒಂದು ಕಾಲುದಾರಿ. ದಾರಿ ನಾಲ್ಕೂ ಹಾಸಿಗೆಗಳ ಮೇಲೆ ಹಾದುಹೋಗುತ್ತದೆ. ಬಾಗಿಲ ಹತ್ತಿರದ ಟೈಲಿನಲ್ಲಿ ಮಾತ್ರ ಒಬ್ಬ ಹುಡುಗಿ, ಹಳದಿ ಅಂಗಿ, ನಮಗೆ ಬೆನ್ನು ಹಾಕಿ ನಡೆಯುತ್ತಿದ್ದಾಳೆ. ಅಂಗಿಯ ಒಂದು ತೋಳು ಮೇಲಕ್ಕೆ ಮಡಚಿದೆ, ಇನ್ನೊಂದು ಇಳಿದಿದೆ. ಕೇಳುವುದಿಲ್ಲ ಅಂತ ಒಪ್ಪಿದ್ದೇನೆ, ಕೇಳುವುದಿಲ್ಲ.

ಮಕ್ಕಳು ಒಳಗೆ ಬಂದಾಗಿದೆ. ಕಿಟಕಿ ಪಕ್ಕದ ಹಾಸಿಗೆಗೆ ಒಬ್ಬಳು ಬಂದಿದ್ದಾಳೆ, ಒಂಬತ್ತು ವರ್ಷ ಇರಬಹುದು. ಔಷಧಿಗೆ ಕೂದಲೆಲ್ಲ ಉದುರಿದೆ, ಜೋರು ಮಾತ್ರ ಒಂದಿಷ್ಟೂ ಉದುರಿಲ್ಲ. ಬಂದ ದಿನವೇ ಗೊಣಗಪ್ಪನಿಗೆ, "ಅಂಕಲ್, ಆ ಬೀರು ಬಾಗ್ಲು ಸೊಟ್ಟ ಇದೆ" ಅಂದಳು.

"ನಿಮ್ಮಪ್ಪ ಇಂಜಿನಿಯರಾ?"

"ಅಪ್ಪ ಇಲ್ಲ. ಅಮ್ಮ ಗಾರ್ಮೆಂಟ್ಸ್. ಅಲ್ಲಿ ಹೊಲಿಗೆ ಸೊಟ್ಟ ಇದ್ರೆ ಬಿಚ್ಚಿಸ್ತಾರೆ."

ಗೊಣಗಪ್ಪ ಬಾಗಿಲು ಬಿಚ್ಚಿದ. ಅಂದಿನಿಂದ ಇಡೀ ವಾರ್ಡಿಗೆ ಅವಳು ಮೇಸ್ತ್ರಿ.

ನಿನ್ನೆ ಮೇಸ್ತ್ರಿ ನನ್ನನ್ನು ಕರೆದು ಮೇಲೆ ತೋರಿಸಿದಳು. "ಆಂಟಿ, ಆ ಹುಡುಗಿ ಈ ಕಡೆ ಬರ್ತಾ ಇದ್ದಾಳೆ."

"ಇಲ್ಲ ಕಣೇ, ಬೆನ್ನು ಕಾಣ್ತಿದೆಯಲ್ಲ. ಹೋಗ್ತಾ ಇದ್ದಾಳೆ."

"ಅದು ಬೆನ್ನಲ್ಲ. ಮುಖಾನೇ. ಕೂದಲು ಮುಂದೆ ಬಿದ್ದಿದೆ ಅಷ್ಟೆ."

ಮಕ್ಕಳ ಕಣ್ಣು, ಬಿಡಿ. ಆದರೂ ಕೆಳಗಿಳಿದು ಬಸ್ಸು ಹತ್ತುವವರೆಗೂ ಆ ಮಾತು ಜೊತೆಗೇ ಬಂತು.

ನಿಮ್ಮ ಕೈಗೆ ಋಣಿ,
ಗಿಣಿ


ಏಪ್ರಿಲ್ 12

ಗಿಣಿ,

ಬಾಗಿಲ ಹತ್ತಿರ ಅಂತ ಬರೆದಿದ್ದೀಯ. ಬರೆಯುವಾಗ ಕೈ ತಪ್ಪಿತೋ ಅಥವಾ ನಿಜವಾಗಿಯೂ ಅವಳು ಬಾಗಿಲ ಹತ್ತಿರ ಇದ್ದಾಳೋ?

ನಾನು ಅವಳನ್ನು ಬರೆದದ್ದು ಕಿಟಕಿಯ ಕಡೆಯ ಟೈಲಿನಲ್ಲಿ. ಅವಳ ಹಾಸಿಗೆ ಯಾವುದಿತ್ತು ಎಂದು ನಿನಗೆ ನೆನಪಿಸಬೇಕಾಗಿಲ್ಲ. ಆ ಹಾಸಿಗೆಯಿಂದ ಎದ್ದು, ಇಡೀ ದಾರಿ ನಡೆದು, ಬಾಗಿಲಿಗೆ ಹೋಗಬೇಕಾದವಳು ಅವಳು. ಅಲ್ಲಿಂದ ಆಚೆ. ಮುಂದಿರುವ ಅಷ್ಟೂ ದಾರಿ ಅದಕ್ಕೇ ಖಾಲಿ ಬಿಟ್ಟಿದ್ದೇನೆ.

ಅವಳು ಹೋದ ದಿನ ನನ್ನನ್ನು ಬಾಗಿಲ ಆಚೆ ಕೂರಿಸಿದ್ದರು. ಸ್ವಲ್ಪ ಹೊತ್ತು ಅಷ್ಟೆ, ಆಮೇಲೆ ಕರೀತೀವಿ ಅಂದಿದ್ದರು.

ಸರಿಯಾಗಿ ನೋಡಿ ಬರೆ.

ಚಿತ್ರದ ಟೀಚರ್


ಏಪ್ರಿಲ್ 26

ಅತ್ತಿಗೆ,

ನೋಡಿದೆ. ತಪ್ಪು ನನ್ನದು.

ನಮ್ಮ ಕಸುಬಿನಲ್ಲಿ ಸೀಲಿಂಗಿನ ನಕ್ಷೆಯನ್ನು ನೆಲದ ಮೇಲೆ ಕನ್ನಡಿ ಇಟ್ಟು ಅದರಲ್ಲಿ ಕಂಡ ಹಾಗೆ ಬರೆಯುತ್ತಾರೆ. ನಮಗೆ ಅಭ್ಯಾಸವಾಗಿ ಹೋಗಿದೆ, ಹೊರಗಿನವರಿಗೆ ಗೊತ್ತಿರುವುದಿಲ್ಲ ಅನ್ನುವುದೇ ಮರೆತಿದೆ. ನೀವು ಟೈಲುಗಳನ್ನು ನೆಲದ ಮೇಲೆ ನಕ್ಷೆಯ ಹಾಗೇ ಹಾಸಿ ಬರೆದಿರಿ. ನೆಲದ ಮೇಲೆ ಹಾಸಿದ ಜಮಖಾನವನ್ನು ಮಗುಚಿ ತಲೆಯ ಮೇಲೆ ಹಿಡಿದರೆ ಈ ತುದಿ ಆ ತುದಿಗೆ ಹೋಗುತ್ತದೆ. ನಂಬರಿಗೂ ಚಿತ್ರಕ್ಕೂ ಕೂಡಿಬರದೆ ಇದ್ದದ್ದು ಅದಕ್ಕೇ. ಚಿತ್ರ ಕೂಡಿಸಿದೆವು, ಕಿಟಕಿಯ ತುದಿ ಬಾಗಿಲಿಗೆ ಬಂತು. ಹೊರಗೆ ಹೊರಟವಳನ್ನು ನಾವು ಒಳಗೆ ಕರೆದಂತಾಯಿತು.

ಈಗಲೇ ಸರಿ ಮಾಡೋಣವೆಂದರೆ ಆಗುವುದಿಲ್ಲ. ಟೈಲು ಎತ್ತಿದರೆ ಮೇಲಿನ ದೂಳು ಇಳಿಯುತ್ತದೆ. ಈ ಮಕ್ಕಳಿಗೆ ಚಿಟಿಕೆ ದೂಳೂ ವಿಷ. ಕೋಣೆ ಪೂರ್ತಿ ಖಾಲಿಯಾದಾಗಲೇ ಕೈ ಹಾಕಬೇಕು.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಈ ಕಾಗದವನ್ನು ಎರಡು ಸಲ ಹರಿದೆ. ಅವಳು ಈಗ ಬಾಗಿಲ ಹತ್ತಿರ ಇಲ್ಲ. ಮೊದಲ ಹಾಸಿಗೆ ದಾಟಿ ಎರಡನೆಯದರ ಮೇಲಿದ್ದಾಳೆ.

ಗಾಬರಿಯಾಗಬೇಡಿ. ದಾರಿಯ ಸಾಲಿನ ಎಲ್ಲ ಟೈಲಿನಲ್ಲೂ ಅದರ ಅಗಲ ಒಂದೇ, ಆ ಸಾಲಿನೊಳಗೆ ಯಾವುದನ್ನು ಎಲ್ಲಿಟ್ಟರೂ ಕೂಡುತ್ತದೆ. ಸೀಲಿಂಗಿನ ಮೇಲೆ ಆಕ್ಸಿಜನ್ ಪೈಪು, ವೈರು ಎಲ್ಲ ಓಡಿವೆ. ರಿಪೇರಿಯವರು ಎತ್ತಿ ನೋಡಿ ಎಲ್ಲೆಂದರಲ್ಲಿ ಇಟ್ಟಿರುತ್ತಾರೆ ಅಂದುಕೊಂಡೆ. ರಿಪೇರಿ ವಿಭಾಗದವನನ್ನು ಹಿಡಿದು ಚೆನ್ನಾಗಿ ಬೈದೆ. ಅವನು, "ಮಕ್ಕಳಿರೋ ರೂಮಲ್ಲಿ ಟೈಲ್ ಮುಟ್ಟಿದ್ರೆ ಸಿಸ್ಟರ್ ನನ್ನ ಚರ್ಮ ಸುಲೀತಾರೆ ಮೇಡಂ. ನನಗೇನು ಹುಚ್ಚಾ?" ಅಂದ. ಮಕ್ಕಳನ್ನು ಸ್ಕ್ಯಾನಿಗೆಂದು ಹೊರಗೆ ಕರೆದೊಯ್ದ ದಿನ, ಒರೆಸುವವರನ್ನು ಜೊತೆಗಿಟ್ಟುಕೊಂಡು, ಗೊಣಗಪ್ಪ ಕೆಳಗಿನಿಂದಲೇ ಪ್ರತಿ ಟೈಲಿಗೂ ಕ್ಲಿಪ್ಪು ಹಾಕಿ, ಅಂಚಿಗೆ ಬಿಳಿ ಅಂಟು ತುಂಬಿದ. ಈಗ ಯಾವುದನ್ನಾದರೂ ಅಲುಗಿಸಬೇಕೆಂದರೆ ಅಂಟು ಕೊಯ್ಯಬೇಕು.

ಮೊದಲ ಹಾಸಿಗೆಯ ಹುಡುಗ, ಅವಳು ಅವನ ಮೇಲಿದ್ದ ವಾರವೇ ಗುಣವಾಗಿ ಮನೆಗೆ ಹೋದ. ಎರಡನೆಯವಳಿಗೂ ಸೋಮವಾರ ಕಳಿಸುತ್ತೇವೆ ಅಂದಿದ್ದಾರೆ. ಆಯಾ ಬಂದು, "ನಿಮ್ಮ ಸೀಲಿಂಗ್ ಹುಡುಗಿ ಕಾಲ್ಗುಣ ಚೆನ್ನಾಗಿದೆ. ಯಾರ ಮೇಲೆ ಬರ್ತಾಳೋ ಅವರನ್ನ ಕಳಿಸ್ಕೊಡ್ತಾಳೆ" ಅಂದಳು. ಅವಳು ಒಳ್ಳೆಯದಕ್ಕೇ ಹೇಳಿದ್ದು.

ತಪ್ಪು ತಿದ್ದುವವರೆಗೆ ನಿದ್ದೆಯಿಲ್ಲದ,
ಗಿಣಿ


ಮೇ 21

ಅತ್ತಿಗೆ,

ನಿಮ್ಮಿಂದ ಒಂದು ಸಾಲೂ ಇಲ್ಲ. ಇದನ್ನಾದರೂ ಪೂರ್ತಿ ಓದಿ.

ಎರಡನೆಯವಳು ಮನೆಗೆ ಹೋದಳು. ಮೂರನೆಯ ಹಾಸಿಗೆಯಲ್ಲಿ ಪುಟಾಣಿ ಅಂತ ಒಂದು ಮಗು ಇತ್ತು. ಮಾತು ಬರುವ ಮೊದಲೇ ಆಸ್ಪತ್ರೆಗೆ ಬಂದದ್ದು, ಇಲ್ಲೇ ನಡೆಯಲು ಕಲಿತದ್ದು. ಕ್ಲಿಪ್ಪುಗಳೆಲ್ಲ ಹಾಗೇ ಇದ್ದವು, ಅಂಟು ಕೂದಲೆಳೆಯಷ್ಟೂ ಸೀಳಿರಲಿಲ್ಲ. ಸೀಲಿಂಗಿನವಳು ಮಾತ್ರ ಪುಟಾಣಿಯ ಹಾಸಿಗೆಯ ಮೇಲಕ್ಕೆ ಬಂದಿದ್ದಳು. ಗೊಣಗಪ್ಪ ಏಣಿ ಹತ್ತಿ ಅಂಟನ್ನು ಬೆರಳಿಂದ ಸವರಿ ನೋಡಿ, ಇಳಿದು, ಕೈ ತೊಳೆಯಲು ಹೋದ.

ಪುಟಾಣಿ ಹೋದ ವಾರ ಒಂದು ಮಧ್ಯಾಹ್ನ ಹೋಗಿಬಿಟ್ಟಿತು. ಮನೆಗಲ್ಲ.

ಡಾಕ್ಟರು ಹೇಳುವ ಪ್ರಕಾರ ಇದು ಮೊದಲೇ ಗೊತ್ತಿದ್ದದ್ದು, ಯಾವ ಸೀಲಿಂಗಿಗೂ ಇದಕ್ಕೂ ಸಂಬಂಧವಿಲ್ಲ. ನಾನೂ ಹಾಗೇ ನಂಬುತ್ತೇನೆ, ಹಗಲು ಹೊತ್ತು. ಆಯಾ ಈಗ ಕಾಲ್ಗುಣದ ಮಾತು ಎತ್ತುವುದಿಲ್ಲ. ಕಸ ಗುಡಿಸುವಾಗ ತಲೆ ತಗ್ಗಿಸಿಕೊಂಡೇ ಬಂದು ಹೋಗುತ್ತಾಳೆ.

ಮೇಸ್ತ್ರಿ ಅಂದಿನಿಂದ ಮಲಗುತ್ತಿಲ್ಲ. ಕಣ್ಣು ಉರಿದು ಕೆಂಪಾಗಿದೆ. ನಿನ್ನೆ ಪಕ್ಕದಲ್ಲಿ ಕೂತು ಕೇಳಿದೆ.

"ನೋಡ್ತಾ ಇದ್ರೆ ಅವ್ಳು ನಿಂತ್ಕೋತಾಳೆ ಆಂಟಿ. ಕಣ್ಣು ಮುಚ್ಚಿದ್ರೆ ಹೊರಡ್ತಾಳೆ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಾನೇ ನೋಡಿದ್ದೀನಿ." ಆಮೇಲೆ ತುಂಬಾ ಮೆಲ್ಲಗೆ, "ಅವತ್ತು ಊಟ ಆದ್ಮೇಲೆ ನಂಗೆ ನಿದ್ದೆ ಬಂದ್ಬಿಡ್ತು. ಎದ್ದು ನೋಡಿದ್ರೆ ಪುಟಾಣಿ ಹಾಸಿಗೆ ಒರೆಸ್ತಾ ಇದ್ರು."

ಒಂಬತ್ತು ವರ್ಷದ ಮಗು ಅತ್ತಿಗೆ. ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡು ಕೂತಿದೆ.

ಹೆದರಿಕೆಯಾಗುತ್ತಾ ಅಂತ ಕೇಳಿದೆ. ಅದಕ್ಕೆ ಅವಳು, "ಅವಳಂದ್ರೆ ಹೆದರಿಕೆ ಇಲ್ಲ. ಅವಳಿಗೆ ಯಾರೋ ಬೇಕು. ಎಲ್ಲಾ ಹಾಸಿಗೆ ಹತ್ರಾನೂ ನಿಂತು ಹುಡುಕ್ತಾಳೆ. ಸಿಕ್ಕಿಲ್ಲ ಅಂತ ಮುಂದೆ ಬರ್ತಾಳೆ" ಅಂದಳು.

ಮುಂದಿನ ತಿಂಗಳು ಮೇಸ್ತ್ರಿಗೆ ಆಪರೇಷನ್. ಅದಾದರೆ ಬದುಕುತ್ತಾಳೆ ಅನ್ನುತ್ತಾರೆ ಡಾಕ್ಟರು, ತಡ ಮಾಡಿದರೆ ಏನೂ ಹೇಳಲಾಗದು ಅನ್ನುತ್ತಾರೆ. ಇವಳು ಒಲ್ಲೆ ಅನ್ನುತ್ತಿದ್ದಾಳೆ. ಮದ್ದು ಕೊಟ್ಟು ಕಣ್ಣು ಮುಚ್ಚಿಸುತ್ತಾರಲ್ಲ, ಆಗ ಇಲ್ಲಿ ನೋಡುವವರು ಯಾರು ಅಂತ. ಸೂಜಿ ಹಿಡಿದು ಬಂದರೆ ಮಂಚದ ಕಂಬಿ ಹಿಡಿದುಕೊಂಡು ಉಸಿರು ಕಟ್ಟುತ್ತಾಳೆ. ತಾಯಿ ಬಂದು ಅತ್ತು, ಬೈದು, ಕೊನೆಗೆ ಕಾಲು ಹಿಡಿದಳು. ಆಗಲಿಲ್ಲ.

ದೊಡ್ಡ ಸಿಸ್ಟರ್ ಆ ಟೈಲು ತೆಗೆದುಬಿಡಿ ಅನ್ನುತ್ತಿದ್ದಾರೆ. ಬೇರೆ ಮಕ್ಕಳನ್ನು ಈ ಕೋಣೆಗೆ ಬಿಟ್ಟಿಲ್ಲ, ಇವಳನ್ನು ಅರ್ಧ ದಿನ ಹೊರಗೆ ಇಟ್ಟರೆ ಕೆಲಸವಾಗುತ್ತದೆ. ಆದರೆ ಅದನ್ನು ಹೇಳಿದ್ದಕ್ಕೆ ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಿಲ್ಲ. "ತೆಗೆದು ಎಲ್ಲಿಡ್ತೀರಾ? ಪೆಟ್ಟಿಗೇಲಾ?" ಅಂತ ಕೇಳಿದಳು.

ಸೀಲಿಂಗಿನವಳು ಈಗ ಮೂರನೆಯ ಹಾಸಿಗೆಗೂ ಕಿಟಕಿಗೂ ನಡುವೆ ಇದ್ದಾಳೆ. ಇನ್ನು ಉಳಿದಿರುವುದು ಒಂದೇ ಹಾಸಿಗೆ. ಅದು ಯಾರದಾಗಿತ್ತು ಅನ್ನುವುದು ನಮಗಿಬ್ಬರಿಗೇ ಗೊತ್ತು.

ನಾನು ಏನು ಮಾಡಲಿ? ನಿಮ್ಮ ಅಪ್ಪಣೆಯಿಲ್ಲದೆ ಒಂದು ಗೋಡೆ ಮುಟ್ಟಿದ್ದಕ್ಕೇ ಆರು ವರ್ಷ ಮಾತಿಲ್ಲದೆ ಹೋಯಿತು. ಈ ಸಲ ಕೇಳುತ್ತಿದ್ದೇನೆ.

ಗಿಣಿ


ಮೇ 28

ಗಿಣಿ,

ತೆಗೆಯಬೇಡ.

ನಾನು ಅವಳನ್ನು ಬೆನ್ನಿನ ಕಡೆಯಿಂದ ಯಾಕೆ ಬರೆದೆ ಅಂತ ನೀನು ಕೇಳಲಿಲ್ಲ, ಆದ್ದರಿಂದ ಹೇಳುತ್ತೇನೆ. ಮುಖ ಮರೆತಿದೆ. ಫೋಟೋಗಳು ಇವೆ, ಆದರೆ ಫೋಟೋದಲ್ಲಿ ಇರುವುದು ಫೋಟೋದ ಮುಖ. ಅಳುವ ಮೊದಲು ಗಲ್ಲ ಹೇಗಾಗುತ್ತಿತ್ತು, ಸುಳ್ಳು ಹೇಳುವಾಗ ಯಾವ ಹುಬ್ಬು ಏರುತ್ತಿತ್ತು, ಅದೆಲ್ಲ ಹೋಗಿದೆ. ಬೆನ್ನು ಮಾತ್ರ ಉಳಿದಿದೆ. ಯಾವಾಗಲೂ ಓಡುತ್ತಿದ್ದವಳಲ್ಲವೆ, ನನಗೆ ಹೆಚ್ಚು ಕಂಡದ್ದೇ ಬೆನ್ನು. ಬುಗುರಿ ಅಂತ ಹೆಸರಿಟ್ಟವಳು ನೀನೇ. ಒಂದು ಕಡೆ ನಿಲ್ಲುತ್ತಿರಲಿಲ್ಲ.

ಬಾಗಿಲಿಗೆ ನಡೆಸಿದರೆ ಹೊರಗೆ ಬರುತ್ತಾಳೆ ಅಂದುಕೊಂಡಿದ್ದೆ. ನಾನು ಕೂತಿದ್ದ ಬೆಂಚಿನವರೆಗೆ. ಈಗ ಆ ಬೆಂಚಿನಲ್ಲಿ ಯಾರೂ ಇಲ್ಲ. ಅವಳು ಒಳಗೆ ಹುಡುಕುತ್ತಿದ್ದಾಳೆ ಅಂದರೆ ಅದರಲ್ಲಿ ಆಶ್ಚರ್ಯವೇನಿದೆ?

ನಿನ್ನ ಕನ್ನಡಿ ನಕ್ಷೆಯ ತಪ್ಪಿಗೆ ನನಗೆ ಸಿಟ್ಟಿಲ್ಲ. ಇದನ್ನು ಓದಿ ನೀನು ಸಮಾಧಾನಪಟ್ಟುಕೊಳ್ಳಬೇಡ, ಬೇರೆ ಸಿಟ್ಟುಗಳು ಹಾಗೇ ಇವೆ.

ಆ ಹುಡುಗಿಗೆ ಹೇಳು: ಆಪರೇಷನ್ ಮುಗಿದು ಅವಳನ್ನು ತಿರುಗಿ ತರುವವರೆಗೂ ಕೋಣೆಯಲ್ಲಿ ಒಬ್ಬರು ಕೂತು ಮೇಲೆ ನೋಡುತ್ತಿರುತ್ತಾರೆ, ರೆಪ್ಪೆ ಕೂಡ ಬಡಿಯುವುದಿಲ್ಲ ಅಂತ. ಯಾರು ಅಂತ ಕೇಳಿದರೆ ಬರೆದವರೇ ಅನ್ನು. ತಾರೀಕು ತಿಳಿಸು. ಬಸ್‌ಸ್ಟ್ಯಾಂಡಿಗೆ ಬರಬೇಡ.

ಅತ್ತಿಗೆ


ಜೂನ್ 4

ಅತ್ತಿಗೆ,

ಹನ್ನೊಂದನೇ ತಾರೀಕು, ಬೆಳಿಗ್ಗೆ. ಬರುವುದಿಲ್ಲ, ಬಸ್‌ಸ್ಟ್ಯಾಂಡಿಗೂ, ಕೋಣೆಗೂ. ನಾನು ಪಕ್ಕದ ಕೋಣೆಯಲ್ಲಿ ಪರದೆಯ ಒಳಗೆ ಇರುತ್ತೇನೆ, ಸದ್ದು ಮಾಡದ ಕೆಲಸ ಇಟ್ಟುಕೊಂಡಿದ್ದೇನೆ.

ಮೇಸ್ತ್ರಿಗೆ ಹೇಳಿದೆ. "ಅವರು ಬಾತ್‌ರೂಮಿಗೆ ಹೋದ್ರೆ?" ಅಂದಳು. ಹೋಗುವುದಿಲ್ಲ ಅಂದೆ. "ನೀರು ಕುಡೀಬಾರ್ದು ಅಂತ ಹೇಳಿ ಹಾಗಾದ್ರೆ. ನಂಗೂ ಅವತ್ತು ಕೊಡಲ್ಲ" ಅಂದಳು. ಆಮೇಲೆ ಸೂಜಿಗೆ ಕೈ ಕೊಟ್ಟಳು.

ಆಪರೇಷನ್ನಿನ ಹೊತ್ತಿನಲ್ಲಿ ಕೋಣೆಯ ಒಳಗೆ ಯಾರನ್ನೂ ಬಿಡುವುದಿಲ್ಲ ಅನ್ನುವುದು ಈಗಲೂ ನಿಯಮ. ದೊಡ್ಡ ಸಿಸ್ಟರಿಗೆ ನೀವು ಯಾರು ಅಂತ ಹೇಳಬೇಕಾಯಿತು. ಅವರು ಅಂದೂ ಇದೇ ವಾರ್ಡಿನಲ್ಲಿ ಇದ್ದರಂತೆ. ಕೊನೆಗೆ "ಬರ್ಲಿ" ಅಂದರು.

ಗಿಣಿ


ಜೂನ್ 11, ಮಧ್ಯಾಹ್ನ

ಗಿಣಿ,

ಇದನ್ನು ಸಿಸ್ಟರ್ ಕೈಯಲ್ಲಿ ಕೊಟ್ಟು ಹೋಗುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ಮೊದಲರ್ಧ ಕಾಗದದ ಕಡೆ ನೋಡದೆ ಬರೆದದ್ದು, ಮೂರನೆಯ ಹಾಸಿಗೆಯ ಮೇಲೆ ಅಂಗಾತ ಮಲಗಿಕೊಂಡು, ರಟ್ಟನ್ನು ಎದೆಯ ಮೇಲೆ ಇಟ್ಟುಕೊಂಡು.

ಮೇಸ್ತ್ರಿಯನ್ನು ಕರೆದುಕೊಂಡು ಹೋದರು. ಹೋಗುವ ಮೊದಲು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವಾ ಬರೆದಿದ್ದು? ತೋಳು ಯಾಕೆ ಒಂದೇ ಮೇಲೆ ಮಡಚಿದ್ದೀರಾ?" ಅಂತ ಕೇಳಿದಳು.

"ಸೂಜಿ ಹಾಕೋ ಕೈ ಅದು" ಅಂದೆ.

ತನ್ನ ತೋಳನ್ನು ನೋಡಿಕೊಂಡಳು. ಅದೂ ಹಾಗೇ ಇತ್ತು. "ಸರಿ, ಈಗ ನೋಡೋಕೆ ಶುರು ಮಾಡಿ" ಅಂದಳು. ಗಾಲಿಮಂಚ ಬಾಗಿಲು ದಾಟುವವರೆಗೂ ಅವಳೂ ಮೇಲೆಯೇ ನೋಡುತ್ತಿದ್ದಳು. ನಾವಿಬ್ಬರೂ ಕಾವಲು ಬದಲಾಯಿಸಿಕೊಂಡ ಹಾಗಿತ್ತು.

ಕೋಣೆ ಚೆನ್ನಾಗಿದೆ. ಇದನ್ನು ನಾನು ಹೇಳಬಾರದು ಅಂತಿದ್ದೆ. ಬೆಳಕು ಕಣ್ಣಿಗೆ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಮೂಲೆಗಳನ್ನೆಲ್ಲ ಉರುಟು ಮಾಡಿಸಿದ್ದೀಯ. ತಾಯಂದಿರಿಗೆ ಮಾತ್ರ ಕೂರಲು ಏನೂ ಇಲ್ಲ.

ನಾನು ಬರೆದವಳು ಕಿಟಕಿಯ ಹಾಸಿಗೆಯ ನೇರ ಮೇಲೆ ಇದ್ದಾಳೆ. ನಾನು ಬಂದಾಗಲೇ ಅಲ್ಲಿದ್ದಳು. ನನ್ನ ಬಣ್ಣ ಹೌದು, ನನ್ನ ಕುಂಚದ ಗೆರೆ ಹೌದು. ಹುಲ್ಲಿಗೆ ಹಾಕಿದ ಹಸಿರಿನಲ್ಲಿ ಕುಂಚದ ಒಂದು ಕೂದಲು ಅಂಟಿಕೊಂಡಿತ್ತು, ಅದೂ ಹಾಗೇ ಇದೆ. ಮೊದಲು ಬೆನ್ನೇ ಕಂಡಿತು. ಕಣ್ಣು ನೀರಾಡುವಷ್ಟು ಹೊತ್ತು ನೋಡಿದ ಮೇಲೆ ನಿನ್ನ ಮೇಸ್ತ್ರಿ ಹೇಳಿದ್ದು ಅರ್ಥವಾಯಿತು. ಕೂದಲು ಮುಂದೆ ಬಿದ್ದ ಮುಖ. ಕೂದಲಿನ ಮೇಲೆ ನಾನು ಎಳೆದ ಗೆರೆಗಳು ಒಂದೊಂದೇ ಪಕ್ಕಕ್ಕೆ ಸರಿಯುವುದು ಕಾಣುತ್ತಿರಲಿಲ್ಲ. ಆದರೆ ಪ್ರತಿ ಸಲ ಗಮನಿಸಿದಾಗಲೂ ಸರಿದು ಮುಗಿದಿರುತ್ತಿದ್ದವು.

ಮೊದಲು ಗಲ್ಲ. ಅಳುವ ಮೊದಲು ಹೇಗಾಗುತ್ತಿತ್ತೋ ಹಾಗೆ, ಅಕ್ಕಪಕ್ಕ ಎರಡು ಸಣ್ಣ ಕುಳಿ. ಆಮೇಲೆ ಹುಬ್ಬು. ಎಡದ್ದು. ಎಡದ್ದು ಗಿಣಿ, ನಾನು ಬಲ ಅಂತ ನಂಬಿಕೊಂಡಿದ್ದೆ.

ಸಿಸ್ಟರ್ ಒಮ್ಮೆ ಬಂದು, "ಅಮ್ಮ, ಸ್ವಲ್ಪ ಕಣ್ಣಿಗೆ ರೆಸ್ಟ್ ಕೊಡಿ" ಅಂದರು. ಕೊಡಲಿಲ್ಲ. ಬೆಳಿಗ್ಗೆ ನಾನು ಬಂದದ್ದು ಆ ಹುಡುಗಿಗಾಗಿ, ನಿಜವಾಗಿಯೂ. ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಇನ್ನೂ ಮುಗಿಯದಿರಲಿ ಅಂತ ಬಯಸುತ್ತಿದ್ದೆ. ನಾನು ನೋಡುತ್ತಿರುವಷ್ಟು ಹೊತ್ತು ಇವಳು ಎಲ್ಲಿಗೂ ಹೋಗುವುದಿಲ್ಲ. ಇಷ್ಟೇ ಸಾಕು, ಈ ಹಾಸಿಗೆಯಲ್ಲೇ ಮುದುಕಿಯಾಗುತ್ತೇನೆ ಅನ್ನಿಸಿತು. ಬೇರೆಯವರ ಮಗು ಒಳಗೆ ಮಲಗಿರುವಾಗ ಹೀಗೆ ಬಯಸಿದೆ. ನಿನಗೆ ಹೇಳದೆ ಯಾರಿಗೆ ಹೇಳಲಿ?

ಅವಳೂ ನನ್ನನ್ನು ನೋಡುತ್ತಿದ್ದಳು. ಹುಡುಕುವವರ ನೋಟ ಅದಲ್ಲ. ಹುಡುಕಿ ಮುಗಿದವರದು.

ಗಾಲಿಯ ಸದ್ದು ಬಂತು. ಡಾಕ್ಟರು ಬಾಗಿಲಲ್ಲೇ ಯಾರಿಗೋ "ಚೆನ್ನಾಗಿ ಆಯ್ತು" ಅನ್ನುವುದು ಕೇಳಿಸಿತು. ಮೇಸ್ತ್ರಿಯನ್ನು ಕಿಟಕಿಯ ಹಾಸಿಗೆಗೆ ಹಾಕಿದರು. ನಾನು ಮೇಲೆಯೇ ನೋಡುತ್ತಿದ್ದೆ. ಕುತ್ತಿಗೆ ಕಲ್ಲಾಗಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದಿಂದ ನರಳುವ ಸದ್ದು, ಆಮೇಲೆ ಒಣಗಿದ ದನಿ.

"ಇದ್ದೀರಾ?"

"ಇದ್ದೀನಿ ಪುಟ್ಟಾ. ನೋಡ್ತಾ ಇದ್ದೀನಿ."

"ನೋವು." ಆಮೇಲೆ, "ನಮ್ಮಮ್ಮ?"

"ರಜಾ ಕೊಟ್ಟಿಲ್ವಂತೆ, ಡ್ಯೂಟಿ ಬಿಡ್ತಿದ್ದ ಹಾಗೇ ಬರ್ತಾರೆ."

ಅಳತೊಡಗಿದಳು. ಮೇಸ್ತ್ರಿಯ ಹಾಗಲ್ಲ, ತೀರಾ ಚಿಕ್ಕ ಮಕ್ಕಳ ಹಾಗೆ, ದನಿ ಇಲ್ಲದೆ, ಉಸಿರಿನಲ್ಲಿ. ಆ ಕೋಣೆಯಲ್ಲಿ ಹಾಗೆ ಅಳುವಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಹೇಗಿರುತ್ತದೆ ಅಂತ ನಾನು ಆರು ವರ್ಷ ಯೋಚಿಸಿದ್ದೇನೆ. ಮೇಲಿನವಳೂ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅವಳ ಎಡ ಹುಬ್ಬು ಕೊಂಚ ಏರಿತ್ತು. ಎದ್ದೇಳಮ್ಮ ಅನ್ನುವ ಹಾಗೆ.

ನಾನು ಕೆಳಗೆ ನೋಡಿದೆ. ಎದ್ದು ಹೋಗಿ ಮೇಸ್ತ್ರಿಯ ಮಂಚದ ಅಂಚಿನಲ್ಲಿ ಕೂತೆ, ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒರೆಸಿದೆ, ಕೈ ಹಿಡಿದುಕೊಂಡೆ. ಈ ಉಳಿದರ್ಧವನ್ನು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ. ಅವಳೀಗ ಕಣ್ಣು ಮುಚ್ಚಿದ್ದಾಳೆ. ಎಷ್ಟೋ ದಿನದ ನಿದ್ದೆ ಅದು, ಬಾಯಿ ಸ್ವಲ್ಪ ತೆರೆದುಕೊಂಡಿದೆ. ಉಸಿರು ಸರಿಯಾಗಿದೆ, ಎಣಿಸುತ್ತಲೇ ಇದ್ದೇನೆ.

ಅದಾದ ಮೇಲೆ ನಾನು ತಲೆ ಎತ್ತಿಲ್ಲ. ಇವಳ ತಾಯಿ ಬರುವವರೆಗೆ ಎತ್ತುವುದೂ ಇಲ್ಲ, ಹೋಗುವಾಗ ನೆಲ ನೋಡಿಕೊಂಡೇ ಹೋಗುತ್ತೇನೆ. ನಾಳೆ ನೀನು ಈ ಕೋಣೆಗೆ ಬರುತ್ತೀಯ, ಬಂದ ಕೂಡಲೇ ಮೇಲೆ ನೋಡುತ್ತೀಯ. ನೋಡು. ದಾರಿಯ ಮೇಲೆ ಯಾರಿದ್ದರು, ಯಾರಿರಲಿಲ್ಲ ಅಂತ ಮಾತ್ರ ನನಗೆ ಬರೆಯಬೇಡ. ಉಳಿದದ್ದೆಲ್ಲ ಬರೆ.

ಅತ್ತಿಗೆ